ಓರಗಿತ್ತಿ ಜೊತೆ 42 ದಿನ

ವಿಯೆಟ್ನಾಂನಿಂದ ಬಂದು ಎಂಟು ತಿಂಗಳಾಯಿತು. ಈಗಲೂ ಮದುವೆ ಮನೆಯಲ್ಲೋ, ಬಸ್ಸಿನಲ್ಲೋ ಸಿಕ್ಕವರು ಅದರ ಮಾತೇ ಎತ್ತುತ್ತಾರೆ. ಗಂಡಸರು ಖರ್ಚು ಎಷ್ಟಾಯಿತು ಅಂತ ಕೇಳುತ್ತಾರೆ. ಹೆಂಗಸರು ಮಾತ್ರ ಸ್ವಲ್ಪ ಹತ್ತಿರ ಬಂದು, ದನಿ ತಗ್ಗಿಸಿ, "ಓರಗಿತ್ತಿ ಜೊತೆ ಅಷ್ಟು ದಿನ ಹೆಂಗಿದ್ರಿ?" ಅನ್ನುತ್ತಾರೆ. ನಾನು "ಚೆನ್ನಾಗಿತ್ತು" ಅಂದು ಮಾತು ಬೇರೆ ಕಡೆ ತಿರುಗಿಸುತ್ತೇನೆ. ಹಾಗಂದದ್ದು ಸುಳ್ಳಲ್ಲ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ಮತ್ತೆ ಮತ್ತೆ ನೆನಪಾಗುತ್ತದೆ. ಅಷ್ಟು ಹತ್ತಿರ ಬಂದು ಕೇಳಿದವರಿಗೆ ಅಷ್ಟು ಚಿಕ್ಕ ಉತ್ತರ ಕೊಟ್ಟೆನಲ್ಲ ಅನ್ನಿಸುತ್ತದೆ. ಇದನ್ನೆಲ್ಲ ಬರೆಯಲಾ ಅಂತ ಅಕ್ಕನನ್ನು ಕೇಳಿದೆ. "ಬರಿ. ಹೆಸರು ಹಾಕಬೇಡ" ಅಂದರು.

ಅಕ್ಕ ಅಂದರೆ ನಮ್ಮ ಭಾವನ ಹೆಂಡತಿ. ನಮ್ಮ ಮನೆ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಉದ್ದನೆಯ ಹೆಂಚಿನ ಮನೆ. 2011ರಲ್ಲಿ ಅದು ಎರಡಾಯಿತು. ನಡುವೆ ಇಟ್ಟಿಗೆ ಗೋಡೆ ಬಂತು. ಸೂರಿನ ತನಕ ಗೋಡೆ ಎತ್ತಬೇಕಾದರೆ ಹೆಂಚು ಇಳಿಸಬೇಕು ಅಂತ ಮೇಸ್ತ್ರಿ ಹೇಳಿದ. ಹಾಗಾಗಿ ಗೋಡೆ ತೊಲೆಯ ಹತ್ತಿರ ನಿಂತಿತು. ಮೇಲೆ ಒಂದು ಮೊಳ ಜಾಗ ಹಾಗೇ ಉಳಿಯಿತು. ಅಲ್ಲಿಂದ ಅವರ ಒಗ್ಗರಣೆ ವಾಸನೆ ನಮ್ಮ ಕಡೆ ಬರುತ್ತಿತ್ತು. ನಮ್ಮ ಟೀವಿ ಸದ್ದು ಅವರ ಕಡೆ ಹೋಗುತ್ತಿತ್ತು. ಮಾತು ಮಾತ್ರ ಯಾವತ್ತೂ ದಾಟಲಿಲ್ಲ. ಏನಾದರೂ ಹೇಳಬೇಕಾದರೆ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು, ಅವರ ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ. ಅಲ್ಲಿಂದ ಕೂಗಬಹುದು ಅಂತ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಕೂಗಲಿಲ್ಲ.

2024ರಲ್ಲಿ ನಾನು ಹೈಸ್ಕೂಲಿನ ಕೆಲಸದಿಂದ ನಿವೃತ್ತಿಯಾದೆ. ಅಷ್ಟು ವರ್ಷ ಸಮಾಜ ಪಾಠ ಮಾಡಿದವಳು, ಬೋರ್ಡಿನ ಮೇಲೆ ನಕ್ಷೆ ಬರೆದವಳು. ಒಂದು ದೇಶವನ್ನಾದರೂ ಮೇಲಿಂದ ಕೆಳಗಿನ ತನಕ ನಿಧಾನವಾಗಿ ನೋಡಬೇಕು ಅನ್ನುವ ಆಸೆ ಇತ್ತು. ನಮ್ಮನೆಯವರು ವಿಮಾನ ಬೇಡವೇ ಬೇಡ ಅಂದರು. ಗೆಳತಿಯರು ವಾರವಾದರೆ ಬರುತ್ತೇವೆ ಅಂದರು. ಒಂದು ಸಂಜೆ ಈ ಮಾತು ಜಗಲಿ ಮೇಲೆ ನಡೀತಿತ್ತು. ಅಕ್ಕ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ, "ನಾನು ಬರ್ತೀನಿ. ಅರ್ಧ ಖರ್ಚು ನಂದು" ಅಂದರು. ಅವರಿಗೆ ಆಗ 66. ತಿರುಪತಿ, ಧರ್ಮಸ್ಥಳ ಬಿಟ್ಟರೆ ಎಲ್ಲೂ ಹೋದವರಲ್ಲ. ಪಾಸ್‌ಪೋರ್ಟ್ ಕೂಡ ಇರಲಿಲ್ಲ. ನಾನು ಅಭ್ಯಾಸಬಲದಿಂದ "ದುಡ್ಡಿನ ಮಾತು ಇರಲಿ ಬಿಡಿ ಅಕ್ಕ" ಅಂದೆ. ಅವರು ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಅರ್ಧ ನಂದು ಅಂದ್ರೆ ಬರ್ತೀನಿ. ಇಲ್ಲ ಅಂದ್ರೆ ಇಲ್ಲ." ಆ ನೋಟದ ಅರ್ಥ ನನಗೆ ಅವತ್ತು ಆಗಲಿಲ್ಲ.

ವಿಯೆಟ್ನಾಂ ಆರಿಸಿದ್ದು ಮಗಳು. ನಮ್ಮವರಿಗೆ 90 ದಿನದ ಇ-ವೀಸಾ ಸಿಗುತ್ತದೆ, ಖರ್ಚು ಕಡಿಮೆ, ಇಬ್ಬರು ಹೆಂಗಸರು ಓಡಾಡಲು ಭಯವಿಲ್ಲ ಅಂದಳು. 2025ರ ಫೆಬ್ರುವರಿ ಶುರುವಿನಲ್ಲಿ ಹನೋಯ್‌ನಲ್ಲಿ ಇಳಿದೆವು. ಅಲ್ಲಿಂದ ದಕ್ಷಿಣಕ್ಕೆ ಬರುತ್ತಾ ಸೈಗಾನ್ ತಲುಪುವುದು, ಆಮೇಲೆ ಮೆಕಾಂಗ್ ನದಿಯ ಕಡೆ ಹೋಗುವುದು. ಒಟ್ಟು 42 ದಿನ.

ಒಂದು ಕೋಣೆಯ ಸಂಸಾರ

ಹನೋಯ್‌ನ ಹಳೇ ಪೇಟೆಯಲ್ಲಿ ರಸ್ತೆ ದಾಟುವುದನ್ನು ಕಲಿಯುವುದೇ ಮೊದಲ ಪಾಠ. ಸಿಗ್ನಲ್ ನಂಬಿ ನಿಂತರೆ ಸಂಜೆ ತನಕ ನಿಂತಿರಬೇಕು. ಸ್ಕೂಟರುಗಳು ನಿಲ್ಲುವುದಿಲ್ಲ. ನಾವು ಒಂದೇ ಸಮ ನಿಧಾನವಾಗಿ ನಡೆದರೆ ಅವೇ ಪಕ್ಕಕ್ಕೆ ಸರಿದು ಹೋಗುತ್ತವೆ. ಓಡಬಾರದು, ಹಿಂದೆ ಹೆಜ್ಜೆ ಇಡಬಾರದು. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರು. ದಾಟಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ. ಮದುವೆಯಾಗಿ ಆ ಮನೆಗೆ ಬಂದು 37 ವರ್ಷ. ಅಷ್ಟು ವರ್ಷದಲ್ಲಿ ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದಿದ್ದು ನನಗೆ ನೆನಪಿಲ್ಲ. ಅತ್ತೆಯ ಹೆಣಕ್ಕೆ ನೀರು ಹಾಕುವಾಗ ಒಂದೇ ಚೊಂಬು ಹಿಡಿದಿದ್ದೆವು, ಅಷ್ಟೇ.

ಹೆಚ್ಚು ದಿನದ ಪ್ರವಾಸ ಅಂದರೆ ಪೂರ್ತಿ ನೋಡುವುದು, ತಿರುಗುವುದು ಅಂತ ನಾನು ಅಂದುಕೊಂಡಿದ್ದೆ. ಅದು ಒಂದು ವಾರದ ತನಕ ನಿಜ. ಆಮೇಲೆ ಅದು ಸಂಸಾರವೇ. ಬಟ್ಟೆ ಒಗೆಯಬೇಕು. ಹನೋಯ್‌ನಲ್ಲಿ ಆ ತಿಂಗಳು ಜಿಟಿಜಿಟಿ ಮಳೆ, ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಅಕ್ಕನ ಬಿಪಿ ಮಾತ್ರೆ, ನನ್ನ ಮಂಡಿಗೆ ಎಣ್ಣೆ, ಬಿಸಿನೀರು, ಕುಡಿಯುವ ನೀರು. ಬೆಳಿಗ್ಗೆ ಕೋಣೆಯ ಕೆಟಲಿನಲ್ಲಿ ನೀರು ಕಾಯಿಸಿ ರಾಗಿ ಹುರಿಹಿಟ್ಟು ಕಲಸುವುದು. ರಾತ್ರಿ ಬಿಳಿ ಅನ್ನ ತಂದು ಚಟ್ನಿಪುಡಿ, ಉಪ್ಪಿನಕಾಯಿ. ಮೂರನೇ ದಿನ ಅಕ್ಕ ಎರಡು ಬ್ಯಾಗಿನಲ್ಲಿದ್ದ ತಿನ್ನುವ ಸಾಮಾನನ್ನೆಲ್ಲ ತೆಗೆದು ಒಂದೇ ಚೀಲಕ್ಕೆ ಹಾಕಿದರು. ಅದನ್ನು ನೋಡುತ್ತಾ ನಾನು ಮಂಚದ ಮೇಲೆ ಕೂತಿದ್ದೆ. 14 ವರ್ಷದ ಹಿಂದೆ ಬೇರೆಯಾದ ಒಲೆ ಒಂದು ಲೀಟರಿನ ಕೆಟಲಿನಲ್ಲಿ ಮತ್ತೆ ಒಂದಾಗಿತ್ತು.

ಊಟದ ಕಷ್ಟ ನಮಗೆ ಎಷ್ಟು ಭಯವಿತ್ತೋ ಅಷ್ಟು ಇರಲಿಲ್ಲ. ನಮ್ಮ ಮನೆಯಲ್ಲಿ ಮಾಂಸ ಮಾಡುತ್ತೇವೆ. ಆದರೆ ಭಾವ ತೀರಿಕೊಂಡ ಮೇಲೆ ಅಕ್ಕ ಬಿಟ್ಟಿದ್ದಾರೆ. ಅಲ್ಲಿ ಬರೀ ತರಕಾರಿ ಅಂದರೂ ಮೀನಿನ ಸಾಸು ಬಿದ್ದಿರುತ್ತದೆ. ನಮ್ಮನ್ನು ಉಳಿಸಿದ್ದು "ಚಾಯ್" ಅನ್ನುವ ಒಂದು ಮಾತು. ಚಾಯ್ ಅಂದರೆ ಸಸ್ಯಾಹಾರ. ಅಲ್ಲಿನ ಬೌದ್ಧರು ಬಹಳ ಮಂದಿ ಚಾಂದ್ರಮಾನ ತಿಂಗಳ 1ನೇ ದಿನ, 15ನೇ ದಿನ ಮಾಂಸ ಮುಟ್ಟುವುದಿಲ್ಲ. 15 ಅಂದರೆ ಹುಣ್ಣಿಮೆ. ಅಕ್ಕನಿಗೆ ಇದು ಬಹಳ ಹಿಡಿಸಿತು. ದಿನಾ ಚಂದ್ರನನ್ನು ನೋಡಿ, "ಇನ್ನು ನಾಲ್ಕು ದಿನ. ಆಮೇಲೆ ಊರೆಲ್ಲ ನನ್ನ ಊಟ" ಅನ್ನುತ್ತಿದ್ದರು.

ಇನ್ನೊಂದು ವಿಷಯ ಹೇಳಬೇಕು. ಅಕ್ಕ ಒಂದು ಪುಟ್ಟ ಪುಸ್ತಕ ತಂದಿದ್ದರು. ರೇಷ್ಮೆ ಹುಳು ಸಾಕುವವರ ಮನೆಯಲ್ಲಿ ಇರುವಂಥದ್ದು. ಎಷ್ಟು ಮೊಟ್ಟೆ ತಂದದ್ದು, ಯಾವತ್ತು ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತದ್ದು, ಗೂಡು ಏನು ರೇಟಿಗೆ ಹೋಯಿತು ಅಂತ ಬರೆದಿಡುವ ಪುಸ್ತಕ. ಅದರ ಕೊನೆಯ ಹಾಳೆಗಳಲ್ಲಿ ದಿನಾ ರಾತ್ರಿ ಲೆಕ್ಕ ಬರೆಯುತ್ತಿದ್ದರು. ಕನ್ನಡ ಅಕ್ಷರದಲ್ಲಿ ತೆಲುಗು ಮಾತು. ಅವರ ತವರು ಬಾಗೇಪಲ್ಲಿ ಕಡೆ. ಪುಟದ ಮಧ್ಯೆ ಗೀಟು, ಒಂದು ಕಡೆ ಅವರದು, ಇನ್ನೊಂದು ಕಡೆ ನನ್ನದು. ಒಂದು ಟೀ ಕೂಡ ಬಿಡುತ್ತಿರಲಿಲ್ಲ. ನನಗೆ ಅದು ನೋಡಿದರೆ ಸ್ವಲ್ಪ ಬೇಜಾರು. ಇಷ್ಟು ದೂರ ಬಂದು ಚಿಲ್ಲರೆ ಲೆಕ್ಕ ಯಾಕೆ ಅಂತ. "ಇರಲಿ ಬಿಡಿ ಅಕ್ಕ" ಅಂತ ದಿನಕ್ಕೆ ಎರಡು ಸಲವಾದರೂ ಅಂದಿರಬೇಕು.

ಎರಡು ನೀಲಿ ನೋಟು

ಹುಣ್ಣಿಮೆ ಬಂದಾಗ ನಾವು ಹುಯೆ ಊರಿನಲ್ಲಿದ್ದೆವು. ಹಳೇ ರಾಜಧಾನಿ. ಟೆಟ್ ಅನ್ನುವ ಹೊಸ ವರ್ಷದ ಹಬ್ಬ ಕಳೆದು ಬರುವ ಮೊದಲ ಹುಣ್ಣಿಮೆ ಅವರಿಗೆ ಬಹಳ ದೊಡ್ಡದು. ಮನೆ ಮುಂದೆ, ಅಂಗಡಿ ಮುಂದೆ ಚಿಕ್ಕ ಮೇಜು ಹಾಕಿ, ಹಣ್ಣು, ಹೂವು, ಊದುಬತ್ತಿ ಇಟ್ಟಿದ್ದರು. ಅಕ್ಕ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು ಹೊರಟರು. ನದಿ ದಂಡೆಯ ಮೇಲೆ ಥಿಯೆನ್ ಮು ಅನ್ನುವ ಬೌದ್ಧ ಮಂದಿರ ಇದೆ. 1844ರಲ್ಲಿ ಕಟ್ಟಿದ ಏಳು ಅಂತಸ್ತಿನ ಗೋಪುರ. ಅಲ್ಲಿ ಹೊರಗೆ ಹೂವು ಮಾರುತ್ತಿದ್ದರು. ಹಳದಿ ಸೇವಂತಿಗೆ. ನಮ್ಮ ಚಿಕ್ಕಬಳ್ಳಾಪುರದ ಸೇವಂತಿಗೆಯೇ ನದಿ ದಾಟಿ ಬಂದ ಹಾಗಿತ್ತು. ಅಕ್ಕನ ಮುಖ ಅರಳಿತು. ನಾನು ಟಿಕೆಟ್ಟು, ದಾರಿ ಅಂತ ಫೋನ್ ನೋಡುತ್ತಿದ್ದೆ. ಅಕ್ಕ ಒಬ್ಬರೇ ಹೋಗಿ ಒಂದು ಕಟ್ಟು ಹೂವು ಕೊಂಡು ತಂದರು. 42 ದಿನದಲ್ಲಿ ಅವರು ಒಬ್ಬರೇ ಮಾಡಿದ ಮೊದಲ ವ್ಯಾಪಾರ ಅದು.

ಅಲ್ಲಿನ 20,000 ದಾಂಗ್ ನೋಟು ನೀಲಿ. 5,00,000 ದಾಂಗ್ ನೋಟೂ ನೀಲಿ. ಎರಡರಲ್ಲೂ ಹೋ ಚಿ ಮಿನ್ ಮುಖವೇ. ಒಂದು ನಮ್ಮ ಸುಮಾರು 70 ರೂಪಾಯಿ, ಇನ್ನೊಂದು ಸುಮಾರು 1,700. ಅಕ್ಕ ದೊಡ್ಡದನ್ನು ಕೊಟ್ಟಿದ್ದರು. ಅರ್ಧ ಗಂಟೆ ಆದ ಮೇಲೆ ಗೊತ್ತಾಯಿತು. ಹೊರಗೆ ಬಂದು ನೋಡಿದರೆ ಹೂವಿನವಳು ಇರಲಿಲ್ಲ. ಅವಳಿಗೂ ಗೊತ್ತಾಗದೇ ಹೋಗಿರಬಹುದು. ಗದ್ದಲ ಅಷ್ಟಿತ್ತು.

ಆಗ ನಾನು ಅಂದೆ. "ನಿನಗೆ ಕಣ್ಣು ಕಾಣಲ್ವಾ?"

ಮೆಟ್ಟಿಲ ಮೇಲೆ, ಜನರ ಮಧ್ಯೆ, ಜೋರಾಗಿ. ಯಾರಿಗೂ ಕನ್ನಡ ಬರುವುದಿಲ್ಲ ಅನ್ನುವ ಧೈರ್ಯವೂ ಇತ್ತೇನೋ. ಇಲ್ಲಿ ಓದುವವರಿಗೆ ವಿವರಿಸಬೇಕಿಲ್ಲ. 37 ವರ್ಷ ಅವರನ್ನು "ನೀವು" ಅಂದವಳು ನಾನು. ಗೋಡೆ ಕಟ್ಟಿದ ದಿನವೂ "ನೀವು" ಅಂದೇ ಮಾತಾಡಿದ್ದೆ. ದುಡ್ಡು ಹೋದ ಕೋಪದಲ್ಲಿ ಅದು ಕಳಚಿ ಬಿತ್ತು. ಅಕ್ಕ ಕೈಯಲ್ಲಿದ್ದ ಊದುಬತ್ತಿಯನ್ನು ಸರಿಯಾಗಿ ಚುಚ್ಚಿ ಬಂದರು. ತೆಲುಗಿನಲ್ಲಿ ಏನೋ ಮೆಲ್ಲಗೆ ಅಂದುಕೊಂಡರು. ಆಮೇಲೆ ಮಾತಿಲ್ಲ. ಅವತ್ತು ಊರೆಲ್ಲ ಚಾಯ್ ಊಟ. ಎಷ್ಟು ದಿನ ಕಾದಿದ್ದರು! ಒಂದು ಹೋಟೆಲಿನಲ್ಲಿ ಎದುರುಬದುರು ಕೂತು, ತಟ್ಟೆ ನೋಡಿಕೊಂಡು ತಿಂದೆವು.

ಮಧ್ಯದವರಿಲ್ಲದ ಜಗಳ

ಮಾರನೇ ದಿನ ಹುಯೆಯಿಂದ ದನಾಂಗ್‌ಗೆ ರೈಲು. ಹನೋಯ್‌ನಿಂದ ಸೈಗಾನ್ ತನಕ 1,726 ಕಿಲೋಮೀಟರಿನ ಲೈನು ಅದು, ಮೀಟರ್ ಗೇಜು. ನಮ್ಮ ಕಡೆ ಮೊದಲು ಓಡುತ್ತಿದ್ದ ಪುಟ್ಟ ರೈಲಿನ ಹಾಗೆ ಓಲಾಡಿಕೊಂಡು ಹೋಗುತ್ತದೆ. ಈ ಎರಡು ಊರಿನ ನಡುವಿನ ದಾರಿಯನ್ನೇ ಎಲ್ಲರೂ ಹೊಗಳುತ್ತಾರೆ. ರೈಲು ಹಾಯ್ ವಾನ್ ಬೆಟ್ಟದ ಅಂಚಿಗೆ ಅಂಟಿಕೊಂಡು, ಸಮುದ್ರದ ಮೇಲೆಯೇ ತಿರುಗುತ್ತದೆ. ಹಾಯ್ ಅಂದರೆ ಸಮುದ್ರ, ವಾನ್ ಅಂದರೆ ಮೋಡ. ಎಡಗಡೆ ಕಿಟಕಿ ಸಿಗಲಿ ಅಂತ ಮಗಳು ತಿಂಗಳ ಹಿಂದೆಯೇ ಸೀಟು ನೋಡಿ ಹಾಕಿದ್ದಳು.

ಕಾಡು ಸರಿದು ಒಮ್ಮೆಲೇ ನೀರು ಕಂಡಿತು. ಕೆಳಗೆ ಬಂಡೆ, ಅದರ ಕೆಳಗೆ ಬಿಳಿ ನೊರೆ, ಒಂದು ಚಿಕ್ಕ ಖಾಲಿ ಮರಳ ದಂಡೆ. ನನ್ನ ಬಾಯಲ್ಲಿ "ಅಕ್ಕಾ, ನೋಡಿ" ಅನ್ನುವುದು ಬಂದೇ ಬಿಟ್ಟಿತ್ತು. ನುಂಗಿಕೊಂಡೆ. ಅವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಅವರೂ ಏನಾದರೂ ನುಂಗಿಕೊಂಡರಾ ಗೊತ್ತಿಲ್ಲ. ಆಗ ಹೊಳೆದದ್ದು ಇದು. ಈ ಇಡೀ ದೇಶದಲ್ಲಿ ನನಗೆ ಗೊತ್ತಿರುವ ಕನ್ನಡದ ಕಿವಿ ಇದೊಂದೇ. ಇವರೊಂದಿಗೆ ಮಾತು ಬಿಟ್ಟರೆ ನನ್ನ ಕನ್ನಡ ಪೂರ್ತಿ ನಿಂತು ಹೋಗುತ್ತದೆ. ಫೋನಿನಲ್ಲಿ ಮಗಳ ಜೊತೆ ಆಡಬಹುದು. ಆದರೆ ಈ ಕ್ಷಣದ ಮಾತು, ಎದುರಿಗೆ ಇರುವುದನ್ನು ತೋರಿಸಿ ಆಡುವ ಮಾತು, ಅದಕ್ಕೆ ಇವರೇ ಬೇಕು.

ಊರಲ್ಲಿ ನಾವು ಜಗಳ ಆಡಿಲ್ಲ ಅಂತಲ್ಲ. ಬೇಕಾದಷ್ಟು ಆಡಿದ್ದೇವೆ. ಆದರೆ ಕೂಡು ಮನೆಯ ಜಗಳಕ್ಕೆ ಮಧ್ಯದವರು ಇರುತ್ತಾರೆ. "ಹೋಗಿ ನಿಮ್ಮ ದೊಡ್ಡಮ್ಮಂಗೆ ಹೇಳು, ಅನ್ನ ಬಡಿಸಿದೀನಿ ಅಂತ." "ಹೇಳು ನಿಮ್ಮ ಚಿಕ್ಕಮ್ಮಂಗೆ, ನನಗೆ ಹಸಿವಿಲ್ಲ ಅಂತ." ಮಕ್ಕಳು ಆ ಕಡೆ ಈ ಕಡೆ ಓಡುತ್ತಿದ್ದರು. ಅತ್ತೆ ಇದ್ದಾಗ ಅವರ ಮುಂದೆ ಇಬ್ಬರೂ ಬೇರೆ ಬೇರೆ ಹೋಗಿ ಹೇಳಿಕೊಳ್ಳುತ್ತಿದ್ದೆವು. ಆಮೇಲೆ ಗೋಡೆ ಬಂತು, ಅದೂ ಒಂದು ಥರ ಮಧ್ಯದವರೇ. ನಾವಿಬ್ಬರೇ ಎದುರು ಕೂತು ಒಂದು ಜಗಳವನ್ನು ಕೊನೆ ತನಕ ಆಡಿ ಮುಗಿಸಿದ್ದೇ ಇಲ್ಲ. ಎಲ್ಲ ಜಗಳವೂ ಯಾರದೋ ಕೈಯಲ್ಲಿ ಅರ್ಧಕ್ಕೆ ನಿಂತು, ಒಣಗಿ ಹೋಗಿವೆ. ಗೆಳತಿಯರ ಜೊತೆ ಹೋಗುವವರಿಗೆ ಈ ಹೊರೆ ಇರುವುದಿಲ್ಲ. ಅವರು ಒಬ್ಬರನ್ನೊಬ್ಬರು ಆರಿಸಿಕೊಂಡಿರುತ್ತಾರೆ. ನಮ್ಮಿಬ್ಬರನ್ನು ಯಾರೂ ಕೇಳಿರಲಿಲ್ಲ. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಿಗೆ ಹೆಣ್ಣು ನೋಡಿದ್ದರು, ಅಷ್ಟೇ.

ದನಾಂಗ್‌ನಲ್ಲಿ ನಾವು ಇಳಿದ ಮನೆಯಲ್ಲಿ ಒಂದು ಪುಟ್ಟ ಕಂದು ನಾಯಿ ಇತ್ತು. ಅವತ್ತು ಸಂಜೆ ನಾನು ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದೆ. ಅಕ್ಕ ಒಳಗೆ ಅನ್ನ ಕಲಸಿ ಇಟ್ಟು, ಬಾಗಿಲಿಗೆ ಬಂದು ನಿಂತರು. ನಾಯಿ ಅವರ ಕಾಲ ಹತ್ತಿರ ಬಂತು. ಅಕ್ಕ ಬಗ್ಗಿ ಅದರ ತಲೆ ಸವರಿ, "ಹೋಗು, ನಿಮ್ಮ ಚಿಕ್ಕಮ್ಮಂಗೆ ಹೇಳು. ಅನ್ನ ಆರಿ ಹೋಗ್ತದೆ" ಅಂದರು.

ನಾನು ಎದ್ದು ಒಳಗೆ ಹೋದೆ. ತಪ್ಪಾಯ್ತು ಅಂತ ಹೇಳುವಷ್ಟು ಬಾಯಿ ಬರಲಿಲ್ಲ. ಆದರೆ ಊಟ ಮಾಡುತ್ತಾ, ರೈಲಿನಲ್ಲಿ ಕಂಡ ಆ ಖಾಲಿ ಮರಳ ದಂಡೆಯ ಮಾತು ಎತ್ತಿದೆ. ಅವರೂ ನೋಡಿದ್ದರು. ಅಲ್ಲಿ ಒಂದು ದೋಣಿ ಮಗುಚಿ ಬಿದ್ದಿತ್ತು ಅಂದರು. ದೋಣಿಯನ್ನು ನಾನು ನೋಡಿರಲಿಲ್ಲ.

ರಾತ್ರಿ ಅವರು ಸ್ನಾನಕ್ಕೆ ಹೋದಾಗ ಲೆಕ್ಕದ ಪುಸ್ತಕ ಮಂಚದ ಮೇಲೆ ತೆರೆದು ಬಿದ್ದಿತ್ತು. ಹುಣ್ಣಿಮೆಯ ದಿನದ ಪುಟ. ಹೂವು 20,000, ಅರ್ಧರ್ಧ. ಕೆಳಗೆ 4,80,000. ಅದು ಪೂರ್ತಿ ಅವರ ಕಡೆ.

ಆಮೇಲಿನ ದಿನಗಳನ್ನು ಬೇಗ ಹೇಳುತ್ತೇನೆ. ದನಾಂಗ್‌ನಿಂದ ಮಿ ಸನ್‌ಗೆ ಹೋದೆವು. ಚಂಪಾ ರಾಜರ ಕಾಲದ ಇಟ್ಟಿಗೆಯ ಶಿವಾಲಯಗಳು. ಭದ್ರವರ್ಮ ಅನ್ನುವ ರಾಜ ಅಲ್ಲಿ ಲಿಂಗ ಇಟ್ಟು ಭದ್ರೇಶ್ವರ ಅಂತ ಹೆಸರಿಟ್ಟ. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ಎಲ್ಲಕ್ಕಿಂತ ದೊಡ್ಡ ಗೋಪುರ ಹೋಯಿತು. ಬಾಂಬು ಬಿದ್ದ ಗುಂಡಿಗಳಲ್ಲಿ ಈಗ ಹುಲ್ಲು. ನಮ್ಮ ಪುರಾತತ್ವ ಇಲಾಖೆಯವರೇ ಅಲ್ಲಿ ದುರಸ್ತಿ ಕೆಲಸ ಮಾಡಿದ್ದಾರೆ. 2020ರಲ್ಲಿ ಹಾಗೆ ಮಾಡುವಾಗಲೇ ಒಂದು ಇಡೀ ಕಲ್ಲಿನ ಲಿಂಗ ಸಿಕ್ಕಿತು. ನಾನು ಇದನ್ನೆಲ್ಲ ಅಕ್ಕನಿಗೆ ಒಂದೇ ಸಮ ಹೇಳುತ್ತಿದ್ದೆ. ಅವರು ನಂದಿ ಗ್ರಾಮದ ಭೋಗ ನಂದೀಶ್ವರನಿಗೆ ಪ್ರತಿ ಶಿವರಾತ್ರಿ ಹೋಗುವವರು. ಒಂದು ಲಿಂಗದ ಮುಂದೆ ನಿಂತು, "ಸ್ವಲ್ಪ ಹೊತ್ತು ಪಾಠ ನಿಲ್ಲಿಸು" ಅಂದರು. ನಿಲ್ಲಿಸಿದೆ. ಅವರು ಮೂರು ಸುತ್ತು ಹಾಕಿದರು. ಅವರು ಹೇಳಿದ್ದು ಸರಿ ಇತ್ತು. ಜೊತೆಗಿರುವವರಿಗೆ ನೋಡಲು ಬಿಡುವುದೂ ಒಂದು ಕೆಲಸ. ಅದನ್ನು ನಾನು ಅಲ್ಲಿ ಕಲಿತೆ.

ಮಾತು ಬಂದಿತ್ತು. ಆದರೆ ಆ 4,80,000 ಹಾಗೇ ಉಳಿದಿತ್ತು.

ಸೊಪ್ಪು, ಸೊಸೆ

ದಾಲಾತ್ ಬೆಟ್ಟದ ಮೇಲಿನ ಊರು. ಸುಮಾರು 1,500 ಮೀಟರ್ ಎತ್ತರ. ನಂದಿ ಬೆಟ್ಟ 1,478. ಅಲ್ಲಿಗೆ ಹೋದಾಗ ಅಕ್ಕ ಶಾಲು ಹೊದ್ದು, "ಊರಿಗೆ ಬಂದ ಹಾಗಾಯ್ತು" ಅಂದರು. ಸುತ್ತ ಎಲ್ಲ ಪಾಲಿಹೌಸು. ಹೂವು, ಟೊಮೆಟೊ, ಎಲೆಕೋಸು. ಆ ಪ್ರಾಂತ್ಯವೇ ವಿಯೆಟ್ನಾಂನಲ್ಲಿ ರೇಷ್ಮೆಗೆ ಹೆಸರಾದದ್ದು. ದಾಲಾತ್‌ನಿಂದ ಒಂದು ಗಂಟೆ ದೂರದ ನಾಮ್ ಬಾನ್‌ನಲ್ಲಿ ನೂಲು ತೆಗೆಯುವುದನ್ನು ನೋಡಬಹುದು. ಬಿಸಿನೀರಿನಲ್ಲಿ ಗೂಡು ತೇಲುತ್ತಿದ್ದವು. ಎಳೆ ಹಿಡಿದು ಜೋಡಿಸುತ್ತಿದ್ದ ಹುಡುಗಿಯ ಬೆರಳು ಶಿಡ್ಲಘಟ್ಟದ ಫಿಲೇಚರಿನ ಹೆಂಗಸರ ಬೆರಳಿನ ಹಾಗೇ ಬಿಳುಚಿಕೊಂಡಿತ್ತು. ಅಕ್ಕ ಅವಳ ಕೈಯನ್ನೇ ನೋಡುತ್ತಾ ನಿಂತರು. ನಮ್ಮ ಸಿ.ಬಿ., ಅಂದರೆ ಮಿಶ್ರ ತಳಿಯ ಗೂಡು ಹಳದಿ. ಅಲ್ಲಿ ಕಂಡದ್ದು ಬಿಳಿ. ಒಳ್ಳೆಯ ಬಿಳಿ ಗೂಡಾದರೆ ಒಂದರಲ್ಲೇ ಒಂದು ಕಿಲೋಮೀಟರ್ ಉದ್ದದ ಎಳೆ ಬರುತ್ತದೆ. ಒಳಗಿನ ಹುಳುವನ್ನು ಅವರು ಹುರಿದು ತಿನ್ನುತ್ತಾರೆ. ನಾವಿಬ್ಬರೂ ಆ ವಾಸನೆಗೆ ಹೊಸಬರಲ್ಲ. ಆದರೆ ತಿನ್ನಲಿಲ್ಲ.

ಅಕ್ಕನಿಗೆ ನೂಲಿಗಿಂತ ಹುಳು ನೋಡಬೇಕಿತ್ತು. ನಮ್ಮನ್ನು ಕರೆದುಕೊಂಡು ಹೋಗಿದ್ದ ಕಾರಿನ ಹುಡುಗ ಹತ್ತಿರದ ಒಬ್ಬ ರೈತರ ಮನೆಗೆ ಕರೆದೊಯ್ದ. ಮನೆಯಾಕೆಗೆ ಐವತ್ತು ದಾಟಿರಬೇಕು. ಹುಳು ಮನೆಯ ಬಾಗಿಲಲ್ಲಿ ಅಕ್ಕ ನಿಂತುಬಿಟ್ಟರು. ಚಪ್ಪಲಿ ಬಿಟ್ಟರು. ನಲ್ಲಿ ಕಡೆ ಕೈ ತೋರಿಸಿ, ಕಾಲು ತೊಳೆಯಬೇಕು ಅಂತ ಸನ್ನೆ ಮಾಡಿದರು. ಹೊರಗಿನವರು ಹಾಗೇ ಒಳಗೆ ಹೋದರೆ ಹುಳುವಿಗೆ ರೋಗ ಅಂತ ನಮ್ಮಲ್ಲಿ ಯಾರೂ ಬಿಡುವುದಿಲ್ಲ. ಅಲ್ಲಿ ತನಕ ನಮ್ಮನ್ನು ಬರೀ ನೋಡುವವರು ಅಂದುಕೊಂಡಿದ್ದ ಆ ಹೆಂಗಸಿನ ಮುಖವೇ ಬದಲಾಯಿತು. ತಾನೇ ಚೊಂಬಿನಲ್ಲಿ ನೀರು ತಂದು ಹಾಕಿದಳು.

ಒಳಗೆ ಹುಳುಗಳ ಮೇಲೆ ಸುಣ್ಣದ ಪುಡಿ ಉದುರಿಸಿತ್ತು. ಸೊಪ್ಪು ಹಾಕಿರಲಿಲ್ಲ. "ಜ್ವರಕ್ಕೆ ಕೂತವೆ" ಅಂದರು ಅಕ್ಕ. ನಾಲ್ಕು ಬೆರಳು ತೋರಿಸಿದರು. ಆಕೆ ತಲೆ ಆಡಿಸಿ ನಾಲ್ಕು ಬೆರಳು ತೋರಿಸಿದಳು. ನಾಲ್ಕನೇ ಜ್ವರ, ಕೊನೆಯದು. ಎದ್ದ ಮೇಲೆ ಒಂದು ವಾರ ಹಗಲು ರಾತ್ರಿ ಸೊಪ್ಪು. ಅದಾದ ಮೇಲೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಅಕ್ಕ ಎರಡೂ ಕೈ ಕೆನ್ನೆಗೆ ಇಟ್ಟು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿದರು. ಇನ್ನು ನಿದ್ದೆ ಇಲ್ಲ ಅಂತ. ಆಕೆ ಜೋರಾಗಿ ನಕ್ಕಳು.

ಟೀ ಕೊಟ್ಟಳು. ಫೋನಿನ ಅನುವಾದದಲ್ಲಿ ಮಾತು ನಡೆಯಿತು. ಅಲ್ಲಿ ಯಾರೊಂದಿಗೆ ಮಾತಾಡಬೇಕಾದರೂ ಮೊದಲು ವಯಸ್ಸು ಗೊತ್ತಾಗಬೇಕು. ನಾನು, ನೀನು ಅನ್ನುವ ಜಾಗದಲ್ಲಿ ಅಕ್ಕ, ತಂಗಿ, ಅತ್ತೆ, ಅಜ್ಜಿ ಅನ್ನುತ್ತಾರೆ. ಹಾಗಾಗಿ ನಾವು ಹೋದಲ್ಲೆಲ್ಲ ಕೇಳುತ್ತಿದ್ದದ್ದು ಒಂದೇ, ನೀವು ಅಕ್ಕತಂಗಿಯರಾ? ಇಂಗ್ಲಿಷಿನಲ್ಲಿ ನಾನು "ನನ್ನ ಗಂಡನ ಅಣ್ಣನ ಹೆಂಡತಿ" ಅಂತ ಎಳೆದು ಹೇಳುತ್ತಿದ್ದೆ. ಆ ಭಾಷೆಯಲ್ಲಿ ಇದಕ್ಕೆ ಒಂದು ಮಾತೇ ಇಲ್ಲ. ಅವತ್ತು ಫೋನಿಗೆ "ನಾವು ಒಂದೇ ಮನೆಯ ಅಣ್ಣತಮ್ಮಂದಿರ ಹೆಂಡತಿಯರು" ಅಂದೆ. ಆಕೆ ಕೈ ತಟ್ಟಿ, "ಚಿ ಎಮ್ ಬಾನ್ ಯೌ!" ಅಂದಳು. ಮತ್ತೆ ಪಕ್ಕದಲ್ಲಿದ್ದ ಹಿಪ್ಪುನೇರಳೆ ಕಡ್ಡಿ ಎತ್ತಿ, ಅದನ್ನು ತೋರಿಸಿ, "ಯೌ, ಯೌ" ಅಂದಳು. ಮಾತು ಬದಲಿಸಿದಳೇನೋ ಅಂದುಕೊಂಡೆ. ಕಾರಿನ ಹುಡುಗ ವಿವರಿಸಿದ. ಯೌ ಅಂದರೆ ಸೊಸೆ. ಯೌ ಅಂದರೆ ಹಿಪ್ಪುನೇರಳೆ ಕೂಡ. ಬರೆಯುವುದೂ ಒಂದೇ ಥರ, ಅನ್ನುವುದೂ ಒಂದೇ ಥರ. ಬಾನ್ ಅಂದರೆ ಜೊತೆಗಾತಿ, ಗೆಳತಿ. ಬಾನ್ ಯೌ ಅಂದರೆ ಜೊತೆಯ ಸೊಸೆ.

ಅಕ್ಕ ತಕ್ಷಣ, "ತೋಡಿಕೋಡಲು" ಅಂದರು.

ಅವರ ತವರಿನ ಮಾತು ಅದು. ತೋಡು ಅಂದರೆ ಜೊತೆ. ಕೋಡಲು ಅಂದರೆ ಸೊಸೆ. ಎಷ್ಟೋ ಸಾವಿರ ಕಿಲೋಮೀಟರ್ ಆಚೆ ಒಂದು ಹುಳು ಮನೆಯ ಜಗಲಿಯಲ್ಲಿ ಕೂತು, ಅದೇ ಮಾತನ್ನು ಅದೇ ರೀತಿ ಕಟ್ಟಿದ್ದನ್ನು ಕೇಳಿದೆವು. ನನಗೆ ಮೈ ಜುಂ ಅಂದಿತು. ಅಕ್ಕನಿಗೆ ಬೇರೆ ಏನೋ ಬೇಕಿತ್ತು. "ಇವಳಿಗೂ ಓರಗಿತ್ತಿ ಇದ್ದಾಳಾ ಕೇಳು" ಅಂದರು. ಇದ್ದಾಳಂತೆ. ಬೇರೆ ಊರಿಗೆ ಹೋಗಿದ್ದಾಳಂತೆ. ಈಗ ಮಾತಿಲ್ಲವಂತೆ. "ಜಮೀನಿಗೇನಾ ಕೇಳು." ಕೇಳಿದೆ. ಆಕೆ ಫೋನಿನ ಉತ್ತರಕ್ಕೂ ಕಾಯದೆ ಹೌದು ಅಂತ ತಲೆ ಆಡಿಸಿದಳು. ಇಬ್ಬರೂ ಸ್ವಲ್ಪ ಹೊತ್ತು ಟೀ ಲೋಟ ನೋಡಿಕೊಂಡು ಕೂತರು.

ಅವತ್ತು ರಾತ್ರಿ ದಾಲಾತ್‌ನಲ್ಲಿ ಚಳಿ. ದೀಪ ಆರಿಸಿ ಮಲಗಿದ್ದೆವು. ಅಕ್ಕ ಕತ್ತಲಲ್ಲಿ ಕೇಳಿದರು. "ನಾನು ಗೋಡೆ ಕಟ್ಟಿಸಿದ್ದು ಯಾಕೆ ಅಂತ ನಿನಗೆ ಗೊತ್ತಾ?"

ನನಗೆ ಗೊತ್ತು ಅಂತಲೇ ನಾನು 14 ವರ್ಷ ಅಂದುಕೊಂಡಿದ್ದೆ. ನಾನು ದಿನಾ ಬೆಳಿಗ್ಗೆ ಸೀರೆ ಉಟ್ಟು ಸ್ಕೂಲಿಗೆ ಹೋಗುತ್ತಿದ್ದೆ. ಹುಳು, ಸೊಪ್ಪು, ದನ, ಕೊನೆಗೆ ಅತ್ತೆಯ ಹಾಸಿಗೆ, ಎಲ್ಲ ಅವರ ತಲೆ ಮೇಲೆ. ಅದೇ ಕೋಪ ಅಂದುಕೊಂಡಿದ್ದೆ. ಹಾಗಂತ ಹೇಳಿದೆ.

"ಕೆಲಸಕ್ಕೆ ಯಾರು ಬೇಜಾರು ಮಾಡ್ಕೋತಾರೆ" ಅಂದರು. "ನಿಮ್ಮ ಭಾವ ಹೋದ ಮೇಲೆ ಮನೆ ನಡೀತಿದ್ದದ್ದು ನಿನ್ನ ಸಂಬಳದಲ್ಲಿ. ನಾನು ಏನು ಕೊಡಕ್ಕೆ ಬಂದ್ರೂ ಇರಲಿ ಬಿಡಿ ಅಕ್ಕ ಅಂತಿದ್ದೆ. ಗೂಡು ಮಾರಿದ ದುಡ್ಡು ತಂದು ಕೈಗೆ ಕೊಟ್ರೆ ಇರಲಿ ಬಿಡಿ ಅಕ್ಕ. ಅಕ್ಕಿ ತಂದ್ರೆ ಇರಲಿ ಬಿಡಿ ಅಕ್ಕ. ನಂದೂ ಆ ಮನೇಲಿ ಅನ್ನ ಅಂತ ಅನ್ನಿಸಲೇ ಇಲ್ಲ. ಗಂಟಲಲ್ಲಿ ಇಳೀತಿರಲಿಲ್ಲ ಕಣೇ."

ನಾನು ಏನೂ ಅನ್ನಲಿಲ್ಲ. ಒಳ್ಳೇತನ ಅಂದುಕೊಂಡು ಆಡಿದ ಮಾತು ಅದು. ಹಾಗೆ ಅನ್ನುವಾಗ ಒಳಗೆ ಸ್ವಲ್ಪ ದೊಡ್ಡತನದ ಖುಷಿಯೂ ಇತ್ತು ಅಂತ ಆ ಕತ್ತಲಲ್ಲಿ ಒಪ್ಪಿಕೊಳ್ಳಬೇಕಾಯಿತು. ಜಗಲಿಯ ಮೇಲಿನ ಆ ನೋಟ, ಪುಟದ ನಡುವಿನ ಗೀಟು, ಥಿಯೆನ್ ಮು ಮೆಟ್ಟಿಲು, ಎಲ್ಲ ಒಂದೊಂದಾಗಿ ತಿರುಗಿ ಬಂದವು. ತಮ್ಮ ಹುಳುವಿನ ದುಡ್ಡಿನಲ್ಲಿ, ತಾವೇ ಹೋಗಿ, ಒಂದು ಕಟ್ಟು ಹೂವು ತಂದ ಹೆಂಗಸಿಗೆ ನಾನು ಕಣ್ಣು ಕಾಣಲ್ವಾ ಅಂದಿದ್ದೆ.

"ಇಲ್ಲಿ ಬಂದ ಮೇಲೆ ಯಾಕೆ ಹೇಳಿದ್ರಿ ಅಕ್ಕ?" ಅಂತ ಕೊನೆಗೆ ಕೇಳಿದೆ.

"ಅಲ್ಲಿ ಯಾವಾಗ ಹೇಳಲಿ? ನಾವಿಬ್ಬರೇ ಯಾವತ್ತು ಇದ್ವಿ?"

ಆಮೇಲೆ ಸೈಗಾನ್, ಮೆಕಾಂಗ್ ಎಲ್ಲ ನೋಡಿದೆವು. ಅದರ ಬಗ್ಗೆ ಬೇರೆ ಬರೆಯುತ್ತೇನೆ. ಕೊನೆಯ ಎರಡು ವಾರ ನಾವು ಹೆಚ್ಚು ತಿರುಗಲಿಲ್ಲ. ನದಿ ದಂಡೆಯಲ್ಲಿ ಜೋಲಿ ಕಟ್ಟಿದ ಕಾಫಿ ಅಂಗಡಿಗಳಿರುತ್ತವೆ. ಒಂದು ಕಾಫಿ ತೆಗೆದುಕೊಂಡರೆ ಎಷ್ಟು ಹೊತ್ತು ಬೇಕಾದರೂ ಮಲಗಬಹುದು. ಪಕ್ಕಪಕ್ಕದ ಜೋಲಿಯಲ್ಲಿ ಮಲಗಿ ಹಳೇದನ್ನೆಲ್ಲ ಮಾತಾಡಿದೆವು. ಕೆಲವು ಜಗಳ ಅಲ್ಲಿ ಮುಗಿದವು. ಕೆಲವು ಮುಗಿಯಲಿಲ್ಲ. ಅತ್ತೆಯ ಬಳೆ ಯಾರಿಗೆ ಸೇರಬೇಕಿತ್ತು ಅನ್ನುವುದರಲ್ಲಿ ಈಗಲೂ ನಮಗೆ ಒಂದು ಮಾತಿಲ್ಲ.

ಮಾರ್ಚ್ ಮಧ್ಯದಲ್ಲಿ ದೇವನಹಳ್ಳಿಯಲ್ಲಿ ಇಳಿದೆವು. ಮನೆಗೆ ಬಂದ ಮಾರನೇ ದಿನ ಅಕ್ಕ ಪುಸ್ತಕ ಹಿಡಿದು ನಮ್ಮ ಬಾಗಿಲಿಗೆ ಬಂದರು. ಕೂಡಿ ಕಳೆದು, ಅವರು ನನಗೆ 2,340 ರೂಪಾಯಿ ಕೊಡಬೇಕಿತ್ತು. ಆ 4,80,000 ದಾಂಗನ್ನೂ ಅರ್ಧ ಮಾಡಿ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ಸರಿ, ಅದು ಇಬ್ಬರದೂ" ಅಂದು ಹೊಡೆದು ಹಾಕಿ ಮತ್ತೆ ಬರೆದರು. 1,540 ಆಯಿತು. ಎಣಿಸಿ ಕೊಟ್ಟರು. ನಾನೂ ಎಣಿಸಿಕೊಂಡೆ. ಪರ್ಸಿನಲ್ಲಿ ಇಟ್ಟುಕೊಂಡೆ.

ಅವತ್ತು ಸಂಜೆ ಮಂಡಿ ನೋಯುತ್ತಿತ್ತು. ಎಣ್ಣೆ ಸೀಸೆ ಹುಡುಕುತ್ತಿದ್ದೆ. 42 ದಿನದ ಅಭ್ಯಾಸ. ಸೂರಿನ ಕಡೆಗೂ ನೋಡದೆ, ಇದ್ದಲ್ಲಿಂದಲೇ, "ಅಕ್ಕಾ, ಎಣ್ಣೆ ಎಲ್ಲಿಟ್ಟೆ?" ಅಂದೆ.

ಗೋಡೆ ಮೇಲಿಂದ ಉತ್ತರ ಬಂತು. "ನಿನ್ನ ಬ್ಯಾಗಿನ ಎಡಗಡೆ ಜೇಬಲ್ಲಿ. ಮುಚ್ಚಳ ಸಡಿಲ ಐತೆ, ನೋಡ್ಕೊಂಡು ತೆಗಿ."